ಕತ್ತಲ ಹೊಳೆಯಲ್ಲಿ ಕಯಾಕಿಗೆ ಎಂಥ ದೀಪ?

ನಮ್ಮ ಕರಾವಳಿಯಲ್ಲಿ ಮುಸ್ಸಂಜೆ ಬಹಳ ಗಿಡ್ಡ. ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಕಡಲಿಗೆ ಇಳಿಯುತ್ತಾನೆ. ಮುಳುಗಿ ಇಪ್ಪತ್ತು ಇಪ್ಪತ್ತೈದು ನಿಮಿಷವಾಗುವಷ್ಟರಲ್ಲಿ ಎದುರು ದಡದ ತೆಂಗಿನ ಮರಗಳೆಲ್ಲ ಒಂದೇ ಕಪ್ಪು ಗೆರೆಯಾಗುತ್ತವೆ. ಸಾಲಿಗ್ರಾಮದ ಪಾರಂಪಳ್ಳಿಯ ಕಾಂಡ್ಲಾ ಕಾಡಿನಲ್ಲೋ, ಮೂಲ್ಕಿಯ ಶಾಂಭವಿಯಲ್ಲೋ, ಹೊನ್ನಾವರದ ಶರಾವತಿಯಲ್ಲೋ ಸೂರ್ಯಾಸ್ತ ನೋಡಿ ಬರೋಣವೆಂದು ಕಯಾಕ್ ಇಳಿಸಿದವರು ವಾಪಸಾಗುವುದು ಹೆಚ್ಚಾಗಿ ಕತ್ತಲಲ್ಲೇ. ಇಳಿತ ಶುರುವಾಗಿ ನೀರು ಎದುರಾದರೆ, ಅಥವಾ ಜೊತೆಯವರೊಬ್ಬರು ಸುಸ್ತಾದರೆ, ಇನ್ನೂ ಅರ್ಧ ಗಂಟೆ ಸೇರಿಕೊಳ್ಳುತ್ತದೆ. ಹಾಗಾಗಿ ರಾತ್ರಿ ಹುಟ್ಟು ಹಾಕುವ ಆಸೆಯೇ ಇಲ್ಲದವರಿಗೂ ಈ ಲೇಖನ ಬೇಕಾದೀತು. ಹಗಲಲ್ಲಿ ದಡ ಬಿಡುವಾಗಲೇ ದೀಪ ಕಯಾಕಿನ ಮೇಲೆ ಇರಬೇಕು, ಹೊತ್ತಿಸಿ ನೋಡಿರಬೇಕು.

ಹೊಳೆಯಲ್ಲಿ ನಾವೊಬ್ಬರೇ ಇರುವುದಿಲ್ಲ. ಅಳಿವೆಯ ಹತ್ತಿರದ ನೀರು ರಾತ್ರಿ ಕೆಲಸದ ನೀರು. ಬಲೆ ಬಿಡಲು ಹೊರಟ ನಾಡದೋಣಿ, ಬಂದರಿಗೆ ಮರಳುವ ಟ್ರಾಲ್ ಬೋಟು, ದಡದಿಂದ ದಡಕ್ಕೆ ಜನರನ್ನು ದಾಟಿಸುವ ಬಾರ್ಜು, ಕೆಲವು ಕಡೆ ಮರಳಿನ ದೋಣಿ, ಎಲ್ಲವೂ ಓಡಾಡುವುದು ಒಂದೇ ಆಳದ ದಾರಿಯಲ್ಲಿ. ಔಟ್‌ಬೋರ್ಡ್ ಎಂಜಿನಿನ ದೋಣಿಯಲ್ಲಿ ಚುಕ್ಕಾಣಿ ಹಿಡಿದವರು ಕೂರುವುದು ಹಿಂದುಗಡೆ. ವೇಗ ಹೆಚ್ಚಿದಂತೆ ದೋಣಿಯ ಮೂತಿ ಮೇಲೇಳುತ್ತದೆ, ಅದರಾಚೆಯ ನೀರು ಅವರಿಗೆ ಸರಿಯಾಗಿ ಕಾಣುವುದಿಲ್ಲ. ಎಂಜಿನ್ ಸದ್ದಿನಲ್ಲಿ ನಮ್ಮ ಕೂಗೂ ಕೇಳಿಸದು. ನೀರಿಗೆ ಅಂಟಿಕೊಂಡಂತೆ ಕೂತ ಕಯಾಕಿನವನು ಅವರ ಕಣ್ಣಿಗೆ ತೇಲುವ ಕೊರಡಿಗಿಂತ ಹೆಚ್ಚೇನೂ ಅಲ್ಲ. ಎಷ್ಟೋ ಸಲ ಅಷ್ಟೂ ಕಾಣುವುದಿಲ್ಲ.

ಲೆಕ್ಕ ಹಾಕಿ ನೋಡಿ. 15 ನಾಟ್ ವೇಗದ ದೋಣಿ ಒಂದು ಸೆಕೆಂಡಿಗೆ 7.7 ಮೀಟರ್ ಸಾಗುತ್ತದೆ. 200 ಮೀಟರ್ ದೂರದಲ್ಲಿ ಅವರು ನಿಮ್ಮನ್ನು ಕಂಡರೆ ಇಬ್ಬರ ನಡುವೆ ಉಳಿಯುವುದು 26 ಸೆಕೆಂಡು. ಅಷ್ಟರಲ್ಲಿ 3 ನಾಟ್ ವೇಗದ ನಿಮ್ಮ ಕಯಾಕ್ ಹೋಗಬಲ್ಲದ್ದು ಸುಮಾರು 40 ಮೀಟರ್, ಅದೂ ಯಾವ ಕಡೆ ಹೋಗಬೇಕೆಂದು ತಕ್ಷಣ ಹೊಳೆದರೆ. ಒಂದು ಕಿಲೋಮೀಟರ್ ದೂರದಿಂದಲೇ ಕಂಡರೆ ಎರಡು ನಿಮಿಷಕ್ಕೂ ಹೆಚ್ಚು ಸಮಯ ಸಿಗುತ್ತದೆ. ದೀಪ ಕೊಡುವುದು ಈ ಎರಡು ನಿಮಿಷವನ್ನು. ದಾರಿ ನೋಡಿಕೊಳ್ಳುವುದಕ್ಕೆ ದೀಪ ಬೇಕು ಎಂದುಕೊಂಡು ಅಂಗಡಿಗೆ ಹೋದವರು ತಪ್ಪು ವಸ್ತುವನ್ನೇ ತರುತ್ತಾರೆ. ನಮಗೆ ಮೊದಲು ಬೇಕಾದದ್ದು ಬೇರೆಯವರ ಕಣ್ಣಿಗೆ ಬೀಳುವ ದೀಪ. ದಾರಿ ನೋಡಲು ಕತ್ತಲಿಗೆ ಒಗ್ಗಿದ ನಮ್ಮ ಕಣ್ಣೇ ಬಹುಪಾಲು ಸಾಕು.

ಇದರ ಬಗ್ಗೆ ಕಾನೂನು ಏನು ಹೇಳುತ್ತದೆ? ಸಮುದ್ರದಲ್ಲಿ ಡಿಕ್ಕಿ ತಡೆಯುವ ಅಂತಾರಾಷ್ಟ್ರೀಯ ನಿಯಮಗಳು 1972ರಲ್ಲಿ ರೂಪುಗೊಂಡು 1977ರಲ್ಲಿ ಜಾರಿಗೆ ಬಂದವು. ನಾವಿಕರು ಅವನ್ನು ಕೋಲ್‌ರೆಗ್ಸ್ ಎನ್ನುತ್ತಾರೆ. ಕಡಲಿಗಷ್ಟೇ ಅಲ್ಲ, ಕಡಲಿಗೆ ಕೂಡಿಕೊಂಡಿರುವ, ಕಡಲ ಹಡಗುಗಳು ಓಡಾಡಬಲ್ಲ ನೀರಿಗೂ ಅವು ಅನ್ವಯಿಸುತ್ತವೆ. ಆದ್ದರಿಂದ ಗಂಗೊಳ್ಳಿ, ಮಲ್ಪೆ, ಹಂಗಾರಕಟ್ಟೆಯಂಥ ಅಳಿವೆಗಳಲ್ಲಿ ಹುಟ್ಟು ಹಾಕುವವರು ಇದು ತಮಗೂ ಸೇರಿದ್ದು ಎಂದೇ ತಿಳಿಯಬೇಕು. ಹುಟ್ಟಿನಿಂದ ನಡೆಯುವ ದೋಣಿಗೆ 25ನೇ ನಿಯಮ ಎರಡು ದಾರಿ ಬಿಟ್ಟಿದೆ. ಹಾಯಿದೋಣಿಯಂತೆ ಬದಿದೀಪ, ಹಿಂದಿನ ದೀಪಗಳನ್ನು ಹಾಕಿಕೊಳ್ಳಬಹುದು. ಇಲ್ಲವಾದರೆ ಬಿಳಿ ಬೆಳಕಿನ ಟಾರ್ಚೋ ಲಾಟೀನೋ ಕೈಗೆಟಕುವಂತೆ ಇಟ್ಟುಕೊಂಡು, ಡಿಕ್ಕಿ ತಪ್ಪುವಷ್ಟು ಮೊದಲೇ ತೋರಿಸಬೇಕು. ಸೂರ್ಯ ಮುಳುಗಿದಾಗಿನಿಂದ ಹುಟ್ಟುವ ತನಕ, ಮತ್ತು ಮಂಜು ಮಳೆಯಲ್ಲಿ ಹಗಲೂ ಸಹ, ದೀಪದ ನಿಯಮ ನಡೆಯುತ್ತದೆ.

ಕನಿಷ್ಠ ನಿಯಮ ಇಷ್ಟೇ. ಕೈಯಲ್ಲಿ ಟಾರ್ಚ್ ಇದ್ದರೆ ಕಾನೂನಿನ ಮಟ್ಟಿಗೆ ಸಾಕು. ಆದರೆ ಹಿಂದಿನಿಂದ ಬರುವ ದೋಣಿಯನ್ನು ನೀವು ಮೊದಲು ಕಂಡರೆ ಮಾತ್ರ ಟಾರ್ಚ್ ಕೆಲಸಕ್ಕೆ ಬರುತ್ತದೆ, ಮತ್ತು ಕಯಾಕಿನಲ್ಲಿ ಕೂತವರು ಕತ್ತು ತಿರುಗಿಸಿ ಹಿಂದೆ ನೋಡುವುದು ತೀರ ಅಪರೂಪ. ನನ್ನ ಗಟ್ಟಿ ಅಭಿಪ್ರಾಯ: ಸದಾ ಉರಿಯುವ, ಸುತ್ತಲೂ ಕಾಣುವ ಒಂದು ಬಿಳಿ ದೀಪ ಕಯಾಕಿನ ಮೇಲೆ, ಜೊತೆಗೆ ಎದೆಯ ಬಳಿ ಒಂದು ಟಾರ್ಚ್. ಇವೆರಡರಲ್ಲಿ ಒಂದು ಇಲ್ಲದಿದ್ದರೂ ಕತ್ತಲಾದ ಮೇಲೆ ಬೋಟಿನ ದಾರಿಗೆ ಇಳಿಯಬಾರದು.

ಸುತ್ತಲೂ ಕಾಣುವ ದೀಪ ಎಷ್ಟು ಪ್ರಖರವಾಗಿರಬೇಕು ಎಂಬಲ್ಲಿ ಕೊಳ್ಳುವವರು ಹೆಚ್ಚಾಗಿ ಎಡವುತ್ತಾರೆ. ಪೊಟ್ಟಣದ ಮೇಲೆ ಸಾವಿರ ಲ್ಯೂಮೆನ್, ಎರಡು ಸಾವಿರ ಲ್ಯೂಮೆನ್ ಎಂದು ಬರೆದಿದ್ದರೆ ಅದೇ ಒಳ್ಳೆಯದು ಎನಿಸುತ್ತದೆ. ಲ್ಯೂಮೆನ್ ಹೇಳುವುದು ದೀಪ ಒಟ್ಟು ಹೊರಸೂಸುವ ಬೆಳಕನ್ನು. ಒಂದು ದಿಕ್ಕಿನಲ್ಲಿ ನಿಂತವರಿಗೆ ಎಷ್ಟು ತೀವ್ರವಾಗಿ ಕಾಣುತ್ತದೆ ಎಂಬುದನ್ನು ಹೇಳುವುದು ಕ್ಯಾಂಡೆಲಾ. 12 ಮೀಟರಿಗಿಂತ ಚಿಕ್ಕ ದೋಣಿಯ ಸುತ್ತುದೀಪ 2 ನಾಟಿಕಲ್ ಮೈಲಿಗೆ, ಅಂದರೆ ಮೂರೂಮುಕ್ಕಾಲು ಕಿಲೋಮೀಟರಿಗೆ, ಕಾಣಬೇಕೆಂಬುದು ಕೋಲ್‌ರೆಗ್ಸ್ ಅಳತೆ. ತಿಳಿಯಾದ ರಾತ್ರಿ ಅಷ್ಟು ದೂರ ಕಾಣಲು ಬೇಕಾದ ತೀವ್ರತೆ ಕೇವಲ 4.3 ಕ್ಯಾಂಡೆಲಾ. ಅದನ್ನು ಎಲ್ಲ ದಿಕ್ಕಿಗೂ ಸಮನಾಗಿ ಹರಡಿದರೆ ಸುಮಾರು 54 ಲ್ಯೂಮೆನ್ ಆಗುತ್ತದೆ. ಒಂದು ಮೈಲಿಗೆ ಬೇಕಾದದ್ದಂತೂ 0.9 ಕ್ಯಾಂಡೆಲಾ ಮಾತ್ರ. ಕತ್ತಲಿಗೆ ಒಗ್ಗಿದ ಮನುಷ್ಯನ ಕಣ್ಣು ಅಷ್ಟು ಸೂಕ್ಷ್ಮ.

ಅಂದರೆ ಸಾಧಾರಣ ಎಲ್‌ಇಡಿ ದೀಪವೊಂದು, ಸರಿಯಾದ ಎತ್ತರದಲ್ಲಿ, ಎಲ್ಲ ದಿಕ್ಕಿಗೂ ಮರೆಯಿಲ್ಲದೆ ಉರಿದರೆ ನಮ್ಮ ಹೊಳೆಗಳಿಗೆ ಧಾರಾಳ. ಕೊಳ್ಳುವಾಗ ‘2 ನಾಟಿಕಲ್ ಮೈಲಿ, 360 ಡಿಗ್ರಿ’ ಎಂದು ಬರೆದದ್ದನ್ನು ಹುಡುಕಿ. ಲ್ಯೂಮೆನ್ ಸಂಖ್ಯೆಯ ಜೊತೆಗೆ ಆ ಬೆಳಕಿನಲ್ಲಿ ಎಷ್ಟು ಗಂಟೆ ಉರಿಯುತ್ತದೆ ಎಂದೂ ಓದಿ. ಹಲವು ದೀಪಗಳು ಮೊದಲ ಕೆಲವು ನಿಮಿಷ ಹೇಳಿದಷ್ಟು ಬೆಳಗಿ, ಬಿಸಿಯಾದಂತೆ ತಾವಾಗಿಯೇ ತಗ್ಗುತ್ತವೆ. ಎರಡು ಗಂಟೆಯ ಸುತ್ತಾಟಕ್ಕೆ ಕನಿಷ್ಠ ಆರು ಗಂಟೆ ಒಂದೇ ಸಮನೆ ಉರಿಯುವ ದೀಪವನ್ನು ಆರಿಸಿ. ದಾರಿ ತಪ್ಪಿದರೂ ದೀಪ ಆರಬಾರದು.

ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ದೀಪ ನಿಲ್ಲುವ ಜಾಗವನ್ನು. ಕಯಾಕಿನ ಮುಂದುಗಡೆ ದೀಪ ಕಟ್ಟಿದರೆ ಅದರ ಬೆಳಕು ನೇರ ನಿಮ್ಮ ಕಣ್ಣಿಗೆ ಹೊಡೆಯುತ್ತದೆ. ಎದುರಿನ ಬಸ್ಸು ಹೈಬೀಮ್ ಹಾಕಿಕೊಂಡು ಬಂದಾಗ ರಸ್ತೆಯ ಅಂಚು ಮಾಯವಾಗುವ ಹಾಗೆ, ದೀಪದಾಚೆಯ ನೀರೆಲ್ಲ ಕಪ್ಪು ಗೋಡೆಯಾಗುತ್ತದೆ. ಲೈಫ್ ಜಾಕೆಟ್ಟಿನ ಭುಜಕ್ಕೆ ಸಿಕ್ಕಿಸಿದರೆ ತಲೆ ಮತ್ತು ಮೈ ಒಂದು ಬದಿಯನ್ನು ಮರೆ ಮಾಡುತ್ತವೆ. ಬೆನ್ನ ಹಿಂದೆ ಗಿಡ್ಡ ಕಂಬದಲ್ಲಿ ಇಟ್ಟರೆ ಮುಂದಿನಿಂದ ಬರುವ ದೋಣಿಗೆ ನಿಮ್ಮ ಮೈಯೇ ಪರದೆ. ಹಾಗಾಗಿ ದೀಪ ಬೆನ್ನ ಹಿಂದೆ, ಕೂತವರ ತಲೆಗಿಂತ ಮೇಲೆ ಇರಬೇಕು. ಡೆಕ್ಕಿನಿಂದ ಲೆಕ್ಕ ಹಾಕಿದರೆ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು ಉದ್ದದ ಕಂಬ ಬಹುತೇಕರಿಗೆ ಸರಿಹೋಗುತ್ತದೆ. ಎತ್ತರದಿಂದ ಇನ್ನೊಂದು ಲಾಭ ಅಳಿವೆ ಬಾಗಿಲಿನಲ್ಲಿ ತಿಳಿಯುತ್ತದೆ. ಅಲ್ಲಿ ಒಂದು ಮೀಟರಿನ ತೆರೆ ಎದ್ದರೂ ತಗ್ಗಿಗೆ ಇಳಿದ ಕಯಾಕಿನ ಗಿಡ್ಡ ದೀಪ ಪೂರ್ತಿ ಮುಚ್ಚಿಹೋಗುತ್ತದೆ.

ಮಾರುಕಟ್ಟೆಯಲ್ಲಿ ಇದಕ್ಕೆಂದೇ ಮಡಚುವ ಕಂಬಗಳು ಸಿಗುತ್ತವೆ. ಕೆಲವನ್ನು ಡೆಕ್ಕಿನ ಹಳಿಗೆ ಬಿಗಿಯಬಹುದು, ಕೆಲವಕ್ಕೆ ಹೀರುಬಟ್ಟಲಿನ (ಸಕ್ಷನ್ ಕಪ್) ಬುಡ ಇರುತ್ತದೆ. ಹೀರುಬಟ್ಟಲು ಫೈಬರ್‌ಗ್ಲಾಸಿನ ನುಣುಪು ಮೈಗೆ ಚೆನ್ನಾಗಿ ಕೂರುತ್ತದೆ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಒರಟು ಮೈಯ ಪ್ಲಾಸ್ಟಿಕ್ ಕಯಾಕುಗಳ ಮೇಲೆ ಅದು ನಂಬಿಕೆಗೆ ಯೋಗ್ಯವಲ್ಲ. ಸ್ವಂತ ಮಾಡಿಕೊಳ್ಳುವವರಿಗೆ ಅರ್ಧ ಇಂಚಿನ ಪಿವಿಸಿ ಪೈಪು, ತುದಿಗೊಂದು ನೀರು ಹೋಗದ ದೀಪ, ಬುಡಕ್ಕೊಂದು ಗಟ್ಟಿ ಹಿಡಿಕೆ ಸಾಕು. ಪೈಪಿನ ಬಿಳಿ ಬಣ್ಣ ಬೆಳಕನ್ನು ಕೆಳಗೆ ಚೆಲ್ಲುತ್ತದೆ, ಅದಕ್ಕೆ ಮಾಸಲು ಕಪ್ಪು ಬಣ್ಣ ಬಳಿಯಿರಿ. ದೀಪದ ಅಡಿಗೆ ಅಂಗೈ ಅಗಲದ ಕಪ್ಪು ತಟ್ಟೆ ಕೂರಿಸಿದರೆ ಡೆಕ್ಕು, ಹುಟ್ಟು, ನಿಮ್ಮ ಕೈ ಯಾವುದೂ ಹೊಳೆಯುವುದಿಲ್ಲ. ದೂರದವರಿಗೆ ದೀಪ ಹಾಗೆಯೇ ಕಾಣುತ್ತದೆ. ಈ ತಟ್ಟೆಗೆ ಖರ್ಚೇ ಇಲ್ಲ. ರಾತ್ರಿಯ ಹೊಳೆಯ ಅನುಭವವೇ ಅದರಿಂದ ಬದಲಾಗುತ್ತದೆ, ನಕ್ಷತ್ರಗಳು ಮರಳಿ ಬರುತ್ತವೆ.

ಕಯಾಕ್ ಮಗುಚಿದರೆ ಈ ಕಂಬ ಏನಾಗುತ್ತದೆ ಎಂಬುದನ್ನೂ ಮೊದಲೇ ಯೋಚಿಸಬೇಕು. ಹಿಂಬದಿಯಿಂದ ಹತ್ತಿ ಕೂರುವ ಅಭ್ಯಾಸ ಇರುವವರಿಗೆ ಅದು ದಾರಿಗೆ ಅಡ್ಡ. ತುಸು ಜೋರಾಗಿ ತಳ್ಳಿದರೆ ಬಾಗುವ ಅಥವಾ ಕಳಚಿಕೊಳ್ಳುವ ಕಂಬ ಒಳ್ಳೆಯದು. ಕಳಚಿದ್ದು ಕಳೆದುಹೋಗದಂತೆ ಗಿಡ್ಡ ದಾರ ಕಟ್ಟಿ. ಉದ್ದ ದಾರ ಕಾಲಿಗೆ ಸುತ್ತಿಕೊಳ್ಳುತ್ತದೆ. ಡೆಕ್ಕಿನಲ್ಲಿ ದಿಕ್ಸೂಚಿ ಇಟ್ಟುಕೊಳ್ಳುವವರು ಆಯಸ್ಕಾಂತದ ಬುಡವಿರುವ ದೀಪವನ್ನು ಅದರ ಹತ್ತಿರ ತರಬಾರದು, ಮುಳ್ಳು ಸುಳ್ಳು ಹೇಳುತ್ತದೆ.

ಇನ್ನು ಮಿನುಗುವ ದೀಪ. ಸೈಕಲ್ಲಿಗೆ ಹಾಕುವ ಮಿನುಗು ದೀಪವನ್ನೇ ಕಯಾಕಿಗೂ ಸಿಕ್ಕಿಸಿಕೊಳ್ಳುವುದು ಸಾಮಾನ್ಯ. ಮಿನುಗಿದರೆ ಬೇಗ ಕಣ್ಣಿಗೆ ಬೀಳುತ್ತದೆ ಎಂಬ ತರ್ಕ ರಸ್ತೆಯಲ್ಲಿ ಸರಿ. ನೀರಿನಲ್ಲಿ ಮಿನುಗುವಿಕೆಗೆ ಬೇರೆ ಅರ್ಥಗಳಿವೆ. ಗಿಲ್‌ನೆಟ್ ಬಿಡುವ ಮೀನುಗಾರರು ಬಲೆಯ ತುದಿಯ ಬೋಯಕ್ಕೆ ಮಿನುಗುವ ಎಲ್‌ಇಡಿ ಕಟ್ಟುವ ರೂಢಿಯಿದೆ. ನೀರಮಟ್ಟದಲ್ಲಿ ಮಿನುಗುವುದನ್ನು ಕಂಡ ದೋಣಿಯವರು ಬಲೆಯೆಂದುಕೊಂಡು ಬದಿಯಲ್ಲೇ ಹಾದುಹೋಗಬಹುದು. ಬಲೆ ಅವರದೇ ಎನಿಸಿದರೆ ಅದರತ್ತಲೇ ಬರಬಹುದು. ಜೋಡಿ ಹಳದಿ ದೀಪ ಒಂದಾದ ಮೇಲೊಂದರಂತೆ ಸೆಕೆಂಡಿಗೊಮ್ಮೆ ಮಿನುಗಿದರೆ ಅದು ಪರ್ಸೀನ್ ಬೋಟು ಬಲೆ ಸುತ್ತುತ್ತಿದೆ ಎಂಬುದರ ಗುರುತು. ಅಮೆರಿಕದ ಒಳನಾಡಿನ ನೀರಿನಲ್ಲಿ ನಿಮಿಷಕ್ಕೆ 50ರಿಂದ 70 ಸಲ ಹೊಳೆಯುವ ತೀವ್ರ ಬಿಳಿ ಬೆಳಕು ಅಧಿಕೃತವಾಗಿಯೇ ಆಪತ್ತಿನ ಕರೆ. ಕಣ್ಣು ಕುಕ್ಕುವ ಸ್ಟ್ರೋಬ್ ಬೆಳಕನ್ನು ಗಮನ ಸೆಳೆಯಲು ಬಳಸಬಾರದೆಂದು ಕೋಲ್‌ರೆಗ್ಸ್‌ನ 36ನೇ ನಿಯಮವೂ ಹೇಳುತ್ತದೆ. ಜೊತೆಗೆ, ಮಿನುಗುವ ಚುಕ್ಕೆಯ ದೂರವನ್ನೂ ಅದು ಸಾಗುತ್ತಿರುವ ದಿಕ್ಕನ್ನೂ ಅಳೆಯುವುದು ನೋಡುವವರ ಕಣ್ಣಿಗೆ ಕಷ್ಟ.

ಒಂದು ಮಾತನ್ನು ಒಪ್ಪಬೇಕು. ಕಾರವಾರ, ಮಂಗಳೂರಿನಂಥ ಕಡೆ ದಡದುದ್ದಕ್ಕೂ ಬೀದಿದೀಪ, ಹೆದ್ದಾರಿ ಸೇತುವೆಯ ದೀಪಸಾಲು ಇರುವಲ್ಲಿ ಸ್ಥಿರವಾದ ಒಂದು ಪುಟ್ಟ ಬಿಳಿ ಚುಕ್ಕೆ ಅವುಗಳ ನಡುವೆ ಕರಗಿಹೋಗುತ್ತದೆ. ಮಿನುಗು ದೀಪದವರ ವಾದಕ್ಕೆ ಬಲವಿರುವುದು ಇಲ್ಲಿ ಮಾತ್ರ. ಆಗಲೂ ಸ್ಟ್ರೋಬ್ ಹಾಕುವುದಕ್ಕಿಂತ ಎದೆಯ ಟಾರ್ಚ್ ತೆಗೆದು ನಿಮ್ಮದೇ ಹುಟ್ಟಿನ ಮೇಲೆ, ಲೈಫ್ ಜಾಕೆಟ್ಟಿನ ಮೇಲೆ ಬೆಳಕು ಹಾಯಿಸಿ. ಮೇಲೆ ಕೆಳಗೆ ಆಡುವ ಹುಟ್ಟು ಬೆಳಗಿದರೆ ಅಲ್ಲಿ ಮನುಷ್ಯ ಇದ್ದಾನೆಂದು ಬೋಟು ನಡೆಸುವ ಯಾವ ತಂಡೇಲನಿಗೂ ಕ್ಷಣದಲ್ಲಿ ಗೊತ್ತಾಗುತ್ತದೆ. ಅಗತ್ಯ ಬಿದ್ದರೆ ಆಮೇಲೆ ಟಾರ್ಚನ್ನು ದೋಣಿಯ ಕಡೆ ಒಂದೆರಡು ಸಲ ಅಡ್ಡ ಬೀಸಬಹುದು. ಅವರ ಮುಖಕ್ಕೆ ಹಿಡಿದು ನಿಲ್ಲಿಸಬೇಡಿ. ಬೆಳಕಿಗೆ ಕಣ್ಣು ಕುರುಡಾದ ಚಾಲಕ ನಿಮ್ಮನ್ನು ಕಾಣದ ಚಾಲಕನಿಗಿಂತಲೂ ಅಪಾಯಕಾರಿ.

ಸ್ಟ್ರೋಬಿಗೆ ಕಯಾಕಿನವರ ಬಳಿ ಒಂದು ನ್ಯಾಯವಾದ ಜಾಗವಿದೆ: ನೀರಿಗೆ ಬಿದ್ದು, ಕಯಾಕ್ ಕೈತಪ್ಪಿ, ಹುಡುಕುವವರಿಗಾಗಿ ಕಾಯುವಾಗ. ಹಡಗಿನ ಲೈಫ್ ಜಾಕೆಟ್ ದೀಪಕ್ಕಿರುವ ಅಂತಾರಾಷ್ಟ್ರೀಯ ಅಳತೆ ಇಲ್ಲಿ ಒಳ್ಳೆಯ ಮಾದರಿ. ಬಿಳಿ ಬೆಳಕು, ಕನಿಷ್ಠ 0.75 ಕ್ಯಾಂಡೆಲಾ, 8 ಗಂಟೆ ಬಾಳಿಕೆ. ಮಿನುಗುವುದಾದರೆ ನಿಮಿಷಕ್ಕೆ 50ಕ್ಕೆ ಕಡಿಮೆಯಿಲ್ಲದೆ, 70 ಮೀರದೆ. ಅಂಥದೊಂದನ್ನು ಭುಜದ ಮೇಲ್ಭಾಗಕ್ಕೆ ಹೊಲಿದುಕೊಳ್ಳಿ, ಒಂದೇ ಕೈಯಲ್ಲಿ ಹೊತ್ತಿಸುವುದನ್ನು ರೂಢಿ ಮಾಡಿಕೊಳ್ಳಿ, ಆಪತ್ತು ಬರುವ ತನಕ ಮುಟ್ಟಬೇಡಿ.

ಬಣ್ಣದ ವಿಷಯಕ್ಕೆ ಬರೋಣ. ದೋಣಿಯ ಎಡಬದಿಗೆ ಕೆಂಪು, ಬಲಬದಿಗೆ ಹಸಿರು, ತಲಾ 112.5 ಡಿಗ್ರಿಗೆ ಕಾಣುವಂತೆ. ಇದು ಲೋಕಕ್ಕೆಲ್ಲ ಒಂದೇ ನಿಯಮ. ಕಯಾಕಿನ ಮೂತಿಗೆ ಅಂಟಿಸುವ ಪುಟ್ಟ ಕೆಂಪು-ಹಸಿರು ಜೋಡಿದೀಪಗಳು ಮಾರಾಟಕ್ಕಿವೆ, ನಿಯಮದ ಅಡ್ಡಿಯೂ ಇಲ್ಲ. ಆದರೆ ಅಗ್ಗದ ದೀಪಗಳಲ್ಲಿ ಆ ಕೋನ ಸರಿಯಾಗಿರುವುದಿಲ್ಲ, ಒಂದು ಬಣ್ಣ ಇನ್ನೊಂದರ ಬದಿಗೆ ಹರಿಯುತ್ತದೆ. ತಪ್ಪು ಬಣ್ಣ ತೋರಿಸುವುದಕ್ಕಿಂತ ತೋರಿಸದಿರುವುದೇ ಲೇಸು. ಒಳ್ಳೆಯ ಬಿಳಿ ಸುತ್ತುದೀಪ, ಟಾರ್ಚ್ ಎರಡೂ ಆದ ಮೇಲೆ ಹಣ ಉಳಿದರೆ ಇದನ್ನು ನೋಡಬಹುದು. ಇದೇ ಕಾರಣಕ್ಕೆ ಚಂದಕ್ಕೆಂದು ಕಯಾಕಿನ ಸುತ್ತ ಬಣ್ಣಬಣ್ಣದ ಎಲ್‌ಇಡಿ ಪಟ್ಟಿ ಅಂಟಿಸುವುದನ್ನು ನಾನು ಕಡಾಖಂಡಿತವಾಗಿ ಬೇಡವೆನ್ನುತ್ತೇನೆ. ಕೆಂಪು, ಹಸಿರು ಎರಡೂ ಎಲ್ಲ ದಿಕ್ಕಿಗೂ ಕಂಡರೆ ಎದುರಿನವರು ನಿಮ್ಮ ಬಗ್ಗೆ ಏನನ್ನೂ ತೀರ್ಮಾನಿಸಲಾರರು.

ನಮ್ಮ ಮೇಲೆ ಬಣ್ಣದ ದೀಪ ಇರಲಿ ಬಿಡಲಿ, ಬೇರೆಯವರ ಬಣ್ಣ ಓದಲು ಬರಬೇಕು. ಕೆಂಪು ಹಸಿರು ಎರಡೂ ಒಟ್ಟಿಗೆ ಕಂಡರೆ ಆ ದೋಣಿಯ ಮೂತಿ ನೇರ ನಿಮ್ಮ ಕಡೆಗಿದೆ, ಆಳದ ದಾರಿ ಬಿಟ್ಟು ಬದಿಗೆ ಸರಿಯಿರಿ. ಕೆಂಪು ಮಾತ್ರ ಕಂಡರೆ ಅದು ನಿಮ್ಮ ಮುಂದೆ ಬಲದಿಂದ ಎಡಕ್ಕೆ ಹಾಯುತ್ತಿದೆ, ಹಸಿರಾದರೆ ಎಡದಿಂದ ಬಲಕ್ಕೆ. ಹಸಿರಿನ ಕೆಳಗೆ ಬಿಳಿ, ಎರಡೂ ಸುತ್ತಲೂ ಕಾಣುವಂತಿದ್ದರೆ ಟ್ರಾಲ್ ಬಲೆ ಎಳೆಯುತ್ತಿರುವ ಬೋಟು; ಅದರ ಹಿಂದೆ ಹಗ್ಗ ಬಲೆಗಳಿವೆ, ಹಿಂದಿನಿಂದ ಹತ್ತಿರ ಹೋಗಬೇಡಿ. ಕೆಂಪಿನ ಕೆಳಗೆ ಬಿಳಿ ಇದ್ದರೆ ಬೇರೆ ಬಗೆಯ ಮೀನುಗಾರಿಕೆ ನಡೆದಿದೆ. ಬಿಳಿ ಒಂದೇ ಆದರೆ ಅದು ಲಂಗರು ಹಾಕಿದ್ದೋ, ಹಿಂದು ತೋರಿಸಿ ದೂರ ಹೋಗುತ್ತಿರುವುದೋ, ನಿಮ್ಮಂಥದೇ ಸಣ್ಣ ದೋಣಿಯೋ ಇರಬಹುದು, ಸ್ವಲ್ಪ ಹೊತ್ತು ನಿಂತು ನೋಡಬೇಕು. ಎಲ್ಲ ದೋಣಿಗಳೂ ಈ ದೀಪಗಳನ್ನು ಸರಿಯಾಗಿ ಹಾಕಿಕೊಂಡೇ ಬರುತ್ತವೆ ಎಂಬ ಭರವಸೆ ಬೇಡ. ಹಿನ್ನೀರಿನ ಸಣ್ಣ ದೋಣಿಗಳಲ್ಲಿ, ಒಳನಾಡಿನ ಜಲಾಶಯಗಳ ಹರಿಗೋಲುಗಳಲ್ಲಿ ದೀಪವೇ ಇಲ್ಲದಿರಬಹುದು. ಕಿವಿಯನ್ನೂ ತೆರೆದಿಡಿ.

ಹೆಡ್‌ಲ್ಯಾಂಪ್ ಹೆಚ್ಚಿನವರು ಮೊದಲು ಕೊಳ್ಳುವ ದೀಪ, ನೀರಿನ ಮೇಲೆ ಕಡಿಮೆ ಬಳಸಬೇಕಾದ ದೀಪವೂ ಹೌದು. ಕಣ್ಣಿನ ಒಳಪರದೆಯ ಕಡ್ಡಿಕೋಶಗಳು ಕತ್ತಲಿಗೆ ಪೂರ್ತಿ ಒಗ್ಗಲು ಅರ್ಧ ಗಂಟೆ ಹಿಡಿಯುತ್ತದೆ. ಅವುಗಳಲ್ಲಿರುವ ರೊಡಾಪ್ಸಿನ್ ಎಂಬ ದ್ರವ್ಯ ಬಿಳಿ ಬೆಳಕು ತಾಗಿದೊಡನೆ ಬಿಳಿಚಿಕೊಳ್ಳುತ್ತದೆ, ಮತ್ತೆ ಕೂಡಿಕೊಳ್ಳಲು ಅಷ್ಟೇ ಹೊತ್ತು ಬೇಕು. ಜೊತೆಯವರು ‘ಎಲ್ಲಿದ್ದೀಯ ಮಾರಾಯಾ’ ಎಂದು ತಿರುಗಿ ನಿಮ್ಮ ಮುಖಕ್ಕೆ ಒಮ್ಮೆ ಬೆಳಕು ಚೆಲ್ಲಿದರೆ ಅರ್ಧ ಗಂಟೆಯ ಒಗ್ಗಿಕೆ ಹೋದಂತೆ. ಮಂದವಾದ ಕೆಂಪು ಬೆಳಕಿಗೆ ಈ ದ್ರವ್ಯ ಅಷ್ಟಾಗಿ ಕದಲುವುದಿಲ್ಲ. ಆದ್ದರಿಂದ ಕೆಂಪು ಬೆಳಕೂ ಇರುವ ಹೆಡ್‌ಲ್ಯಾಂಪ್ ಕೊಳ್ಳಿ, ಗುಂಡಿ ಒತ್ತಿದಾಗ ಮೊದಲು ಕೆಂಪೇ ಹೊತ್ತುವಂಥದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಹಣೆಯ ಮೇಲಿಡದೆ ಕುತ್ತಿಗೆಗೆ ಇಳಿಬಿಟ್ಟುಕೊಂಡು, ಚೀಲ ತೆರೆಯಲು, ನಕ್ಷೆ ನೋಡಲು ಅರೆಕ್ಷಣ ಹೊತ್ತಿಸಿ ಆರಿಸಿ. ಕೆಂಪನ್ನು ಹೊತ್ತಿಸಿಟ್ಟುಕೊಂಡೇ ಹುಟ್ಟು ಹಾಕಿದರೆ ಅದು ಯಾವುದೋ ದೋಣಿಯ ಎಡಬದಿಯಂತೆ ಕಾಣುತ್ತದೆ.

ಎದೆಯ ಟಾರ್ಚಿನ ಬಗ್ಗೆ ಸ್ವಲ್ಪ. ಒದ್ದೆ ಕೈಯಲ್ಲಿ, ಒಂದೇ ಒತ್ತಿಗೆ, ನೇರ ಪೂರ್ಣ ಬಿಳಿ ಬೆಳಕು ಬರಬೇಕು. ಮೂರು ಸಲ ಒತ್ತಿ, ಸ್ಟ್ರೋಬ್ ದಾಟಿ, ಮಂದ ಬೆಳಕು ದಾಟಿ ಹೋಗಬೇಕಾದ ಟಾರ್ಚ್ ಇಲ್ಲಿಗಲ್ಲ. ಚೀಲದಲ್ಲಿ, ಹ್ಯಾಚಿನ ಒಳಗೆ ಇದ್ದರೂ ಇಲ್ಲದಂತೆಯೇ. ಲೈಫ್ ಜಾಕೆಟ್ಟಿಗೆ ದಾರದಲ್ಲಿ ತೂಗುತ್ತಿರಬೇಕು. ದಾರ ಕೈ ಚಾಚುವಷ್ಟು ಉದ್ದ, ಅದಕ್ಕಿಂತ ಹೆಚ್ಚಿಲ್ಲ. ಟಾರ್ಚನ್ನು ಸುಮ್ಮನೆ ನೀರಿಗೆ ಹಿಡಿಯಬೇಡಿ. ಕೇಂದ್ರ ಸರ್ಕಾರ 2017ರಲ್ಲಿ ದೀಪದ ಬೆಳಕು ಹಾಯಿಸಿ ಮೀನು ಹಿಡಿಯುವುದನ್ನು ನಿಷೇಧಿಸಿದೆ, ನಮ್ಮ ಕರಾವಳಿಯ ಮೀನುಗಾರರಲ್ಲಿ ಇದು ಬಿಸಿ ಮಾತು. ಕತ್ತಲಲ್ಲಿ ಪ್ರಖರ ಬೆಳಕನ್ನು ನೀರಿಗೆ ಹಿಡಿದು ಆಡುವ ಅಪರಿಚಿತರನ್ನು ಅವರು ಅನುಮಾನದಿಂದ ನೋಡಿದರೆ ಆಶ್ಚರ್ಯವಿಲ್ಲ.

ನೀರು ತಡೆಯುವ ಗುಣವನ್ನು ಐಪಿ ಅಂಕಿಯಿಂದ ತಿಳಿಯಬಹುದು. ಐಪಿಎಕ್ಸ್4 ಎಂದರೆ ಎರಚುವ ನೀರಿಗಷ್ಟೇ. ಮಳೆಯಲ್ಲಿ ನಡೆಯುವವರಿಗೆ ಸಾಕು, ನಮಗೆ ಸಾಲದು. ಐಪಿಎಕ್ಸ್7 ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ ತಡೆಯಬೇಕು, ಐಪಿಎಕ್ಸ್8 ಅದಕ್ಕೂ ಹೆಚ್ಚು, ಎಷ್ಟೆಂಬುದನ್ನು ತಯಾರಕರೇ ಹೇಳಿರುತ್ತಾರೆ. 7ಕ್ಕಿಂತ ಕಡಿಮೆಯದನ್ನು ಕೊಳ್ಳಬೇಡಿ. ಈ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ, ಹೊಸ ದೀಪದ ಮೇಲೆ. ಉಪ್ಪುನೀರು, ಮರಳು, ಬಿಸಿಲು ಸೇರಿ ಒಂದೇ ವರ್ಷದಲ್ಲಿ ರಬ್ಬರ್ ಬಳೆಯನ್ನು ಒಣಗಿಸಿ ಬಿಡುತ್ತವೆ. ಯುಎಸ್‌ಬಿ ಚಾರ್ಜಿಂಗ್ ತೂತಿನ ಪುಟ್ಟ ರಬ್ಬರ್ ಮುಚ್ಚಳವೇ ಎಲ್ಲಕ್ಕಿಂತ ದುರ್ಬಲ ಜಾಗ. ನೀರು ಹೊಕ್ಕ ಮೇಲೆ ಉಪ್ಪು ಅಲ್ಲೇ ಉಳಿದು ತಾಮ್ರವನ್ನು ತಿನ್ನುತ್ತದೆ. ಎಎ ಬ್ಯಾಟರಿ ಹಾಕುವ, ತಿರುಪಿ ಮುಚ್ಚುವ ದೀಪಗಳ ಬಗ್ಗೆ ನನಗೆ ಹೆಚ್ಚು ನಂಬಿಕೆ. ಹೊಸ ಸೆಲ್ ಹಾಕಿದರೆ ಎಷ್ಟು ಗಂಟೆ ಎಂಬ ಲೆಕ್ಕ ಗೊತ್ತಿರುತ್ತದೆ, ಹಳ್ಳಿಯ ಅಂಗಡಿಯಲ್ಲೂ ಸೆಲ್ ಸಿಗುತ್ತದೆ. ಆಲ್ಕಲೈನ್ ಸೆಲ್ ದೀಪದೊಳಗೇ ತಿಂಗಳುಗಟ್ಟಲೆ ಉಳಿದರೆ ಸೋರುತ್ತದೆ, ಮನೆಗೆ ಬಂದೊಡನೆ ತೆಗೆದಿಡಿ.

ಮುರಿದರೆ ಬೆಳಗುವ ರಾಸಾಯನಿಕ ಕಡ್ಡಿಗಳನ್ನು ಕೆಲವು ತಂಡಗಳು ಪ್ರತಿ ಕಯಾಕಿಗೂ ಕಟ್ಟುತ್ತವೆ. ತಂಡದೊಳಗೆ ಒಬ್ಬರನ್ನೊಬ್ಬರು ಎಣಿಸಿಕೊಳ್ಳಲು ಸರಿ, ದೋಣಿಯವರಿಗೆ ಕಾಣಿಸಿಕೊಳ್ಳಲು ಸಾಲದು. ಗಂಟೆ ಕಳೆದಂತೆ ಮಂಕಾಗುತ್ತವೆ, ಮರುದಿನ ಪ್ಲಾಸ್ಟಿಕ್ ಕಸವಾಗುತ್ತವೆ.

ಬ್ಯಾಟರಿ ಬೇಡದ ಒಂದು ವಸ್ತುವನ್ನು ಮಾತ್ರ ಯಾರೂ ಬಿಡಬಾರದು: ಬೆಳಕನ್ನು ಬಂದ ದಿಕ್ಕಿಗೇ ಮರಳಿಸುವ ಪ್ರತಿಫಲನ ಪಟ್ಟಿ. ಹಡಗಿನ ಲೈಫ್ ಜಾಕೆಟ್ಟುಗಳಿಗೆ ಹಾಕುವ ಸೋಲಾಸ್ (ಕಡಲ ಸುರಕ್ಷತೆಯ ಅಂತಾರಾಷ್ಟ್ರೀಯ ಒಪ್ಪಂದ) ದರ್ಜೆಯದು ಉತ್ತಮ. ಲಾರಿಗೆ ಅಂಟಿಸುವ ಪಟ್ಟಿ ಯಾವ ಆಟೋ ಬಿಡಿಭಾಗದ ಅಂಗಡಿಯಲ್ಲೂ ಸಿಗುತ್ತದೆ, ಬಿಳಿಯದನ್ನೇ ಕೇಳಿ. ಅಂಚು ಬೇಗ ಏಳುತ್ತದೆ, ಆಗಾಗ ಬದಲಿಸಬೇಕು. ಹುಟ್ಟಿನ ಎರಡೂ ಎಲೆಗಳ ಎರಡೂ ಮೈಗೆ, ಕಯಾಕಿನ ಮೂತಿ ಮತ್ತು ಹಿಂಬದಿಗೆ, ಮಗುಚಿದರೂ ಕಾಣುವಂತೆ ತಳಕ್ಕೆ, ಲೈಫ್ ಜಾಕೆಟ್ಟಿನ ಭುಜಕ್ಕೆ ಅಂಟಿಸಿ. ಎದುರಿನವರು ಬೆಳಕು ಹಾಕಿದಾಗ ಮಾತ್ರ ಇದು ಬೆಳಗುತ್ತದೆ, ಆದ್ದರಿಂದ ದೀಪಕ್ಕೆ ಬದಲಿಯಲ್ಲ. ಆದರೆ ಹುಡುಕಾಟದ ದೋಣಿಯ ಸರ್ಚ್‌ಲೈಟ್ ನೀರ ಮೇಲೆ ಸುಳಿದಾಗ, ನಿಮ್ಮ ಬ್ಯಾಟರಿಗಳೆಲ್ಲ ಸತ್ತಿದ್ದರೂ, ಮರುಬೆಳಗುವುದು ಇದೊಂದೇ.

ನೀರೇ ಬೆಳಗುವ ರಾತ್ರಿಗಳಿಗಾಗಿ ಕಯಾಕ್ ಇಳಿಸುವವರೂ ಇದ್ದಾರೆ. 2019ರ ಮಲಯಾಳ ಚಿತ್ರ ‘ಕುಂಬಳಂಗಿ ನೈಟ್ಸ್’ ಬಂದ ಮೇಲೆ ಕೊಚ್ಚಿ ಬಳಿಯ ಕುಂಬಳಂಗಿಯ ‘ಕವರು’, ಅಂದರೆ ಬೆಳಗುವ ನೀರು, ನೋಡಲು ದೂರದಿಂದ ಜನ ಬರುತ್ತಾರೆ. ನಮ್ಮ ತೀರದಲ್ಲೂ ಕೆಲವು ವರ್ಷ ನಾಕ್ಟಿಲ್ಯೂಕಾ ಎಂಬ ಏಕಕೋಶ ಜೀವಿ ಹೆಚ್ಚಿದಾಗ ಅಲೆಯ ಅಂಚು ನೀಲಿಯಾಗಿ ಹೊತ್ತುತ್ತದೆ. ಕಲಕಿದಾಗಲೇ ಬೆಳಗುವ ಜೀವಿ ಅದು, ಹುಟ್ಟು ಮುಳುಗಿದಲ್ಲೆಲ್ಲ ಬೆಂಕಿ ಎದ್ದಂತಾಗುತ್ತದೆ. ಅದನ್ನು ನೋಡುವ ಆಸೆಗೆ ಎಲ್ಲರೂ ದೀಪ ಆರಿಸಿಬಿಡುತ್ತಾರೆ. ಆ ಆಸೆ ನನಗೂ ಗೊತ್ತು, ಅದನ್ನು ತಡೆಯಿರಿ ಎನ್ನುವುದಿಲ್ಲ. ಬೋಟು ಬಾರದ ಕವಲಿಗೆ, ಆಳವಿಲ್ಲದ ಕಾಂಡ್ಲಾ ಬದಿಗೆ ಸರಿದು ನಿಲ್ಲಿ. ಆಳದ ದಾರಿಗೆ ಹತ್ತಿರವಿರುವ ಒಬ್ಬರ ದೀಪ ಉರಿಯುತ್ತಲೇ ಇರಲಿ, ಆ ಸರದಿಯನ್ನು ಒಬ್ಬೊಬ್ಬರಾಗಿ ಹಂಚಿಕೊಳ್ಳಿ. ಕಪ್ಪು ತಟ್ಟೆ ಕೂರಿಸಿದ ದೀಪವಾದರೆ ಹತ್ತಿರದ ನೀರಿಗೆ ಬೆಳಕು ಬೀಳುವುದೇ ಇಲ್ಲ. ದೀಪವೂ ಇದ್ದು ನೀಲಿಯೂ ಕಾಣುತ್ತದೆ.

ತಂಡದಲ್ಲಿ ಹೊರಟಾಗ ಎಲ್ಲರೂ ಒಂದೇ ಬಗೆಯ ದೀಪ ಹಾಕಿಕೊಂಡರೆ ಮುಂದಿರುವವರಾರು, ಹಿಂದೆ ಉಳಿದವರಾರು ಎಂದು ತಿಳಿಯದು. ಮುಂದಾಳು ಮತ್ತು ಕೊನೆಯಾಳು ಎತ್ತರದ ಕಂಬದೀಪದವರಾಗಿರಲಿ, ನಡುವಿನವರೂ ಬಿಳಿ ದೀಪ ಉರಿಸಿಕೊಂಡೇ ಇಬ್ಬರ ನಡುವಿನ ಗೆರೆ ಬಿಟ್ಟು ಹೊರಗೆ ಹೋಗದಿರಲಿ. ಬಾಡಿಗೆ ಕಯಾಕಿನಲ್ಲಿ ಹೋಗುವವರು ಹಣ ಕೊಡುವ ಮೊದಲೇ ಕೇಳಬೇಕಾದದ್ದು ಕೆಲವಿದೆ. ‘ನಿಮ್ಮ ದೀಪ ತೋರಿಸಿ, ಹೊತ್ತಿಸಿ’ ಎನ್ನಿ. ಪ್ರತಿ ಕಯಾಕಿಗೂ ಇದೆಯೇ, ಮಾರ್ಗದರ್ಶಕರಿಗೆ ಮಾತ್ರವೇ ಎಂದು ವಿಚಾರಿಸಿ. ಆ ಹೊಳೆಯಲ್ಲಿ ಬೋಟುಗಳು ಯಾವಾಗ ಹೊರಡುತ್ತವೆ ಎಂದು ಕೇಳಿದಾಗ ತಡವರಿಸುವವರ ಜೊತೆ ರಾತ್ರಿ ಇಳಿಯಬೇಡಿ. ಕಾಂಡ್ಲಾ ಕಾಡಿನಲ್ಲಿ ಅರಣ್ಯ ಇಲಾಖೆಯ, ಅಳಿವೆಯಲ್ಲಿ ಕರಾವಳಿ ಕಾವಲು ಪೊಲೀಸರ ಮಾತು ಕೇಳಿಕೊಂಡೇ ಹೋಗಬೇಕು. ದಾಂಡೇಲಿಯ ಕಾಳಿ ನದಿಯಲ್ಲಿ ಮೊಸಳೆಗಳಿವೆ, ಅಲ್ಲಿ ಎಂಥ ದೀಪ ಇದ್ದರೂ ಕತ್ತಲಲ್ಲಿ ಇಳಿಯುವುದು ಬೇಡ.

ಫೋನನ್ನು ನೀರು ಹೋಗದ ಚೀಲದಲ್ಲಿ ಮೈಮೇಲೆ ಇಟ್ಟುಕೊಳ್ಳಿ. ಕರಾವಳಿ ಪೊಲೀಸರ ಸಂಖ್ಯೆ 1093, ಕೋಸ್ಟ್ ಗಾರ್ಡಿನದು 1554, ಎರಡೂ ನೆನಪಾಗದಿದ್ದರೆ 112. ಲೈಫ್ ಜಾಕೆಟ್ಟಿಗೆ ಒಂದು ಸೀಟಿ. ಯಾವ ದಡದಿಂದ ಹೊರಟಿರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂಬುದು ದಡದಲ್ಲಿ ಒಬ್ಬರಿಗಾದರೂ ಗೊತ್ತಿರಲಿ.

ಕೊಂಡು ತಂದ ದೀಪವನ್ನು ಹೊಳೆಗೆ ಒಯ್ಯುವ ಮೊದಲು ಮನೆಯಲ್ಲೇ ಪರೀಕ್ಷಿಸಿ. ಬಕೆಟ್ ನೀರಿಗೆ ಎರಡು ಹಿಡಿ ಉಪ್ಪು ಹಾಕಿ, ಹೊತ್ತಿಸಿದ ದೀಪವನ್ನು ಅದರಲ್ಲಿ ಆರು ಗಂಟೆ ಮುಳುಗಿಸಿಡಿ. ತೆಗೆಯುವಾಗ ಇನ್ನೂ ಉರಿಯುತ್ತಿದೆಯೇ, ಗಾಜಿನ ಒಳಗೆ ಆವಿ ಕಟ್ಟಿದೆಯೇ ನೋಡಿ. ಆವಿ ಕಂಡರೆ ಅಂಗಡಿಗೆ ಹಿಂತಿರುಗಿಸಿ. ಆಮೇಲೆ ಕತ್ತಲಾದ ಮೇಲೆ ದಂಡೆಯಲ್ಲಿ ಕಯಾಕಿನ ಮೇಲೆ ಕೂತು, ಸ್ನೇಹಿತರೊಬ್ಬರನ್ನು ಅರ್ಧ ಕಿಲೋಮೀಟರ್ ಆಚೆಗೆ ಕಳಿಸಿ, ಸುತ್ತಲೂ ನಡೆದು ನೋಡಲು ಹೇಳಿ. ಎಲ್ಲಿ ನಿಂತಾಗ ದೀಪ ಮರೆಯಾಗುತ್ತದೆ ಎಂದು ಅವರು ಫೋನಿನಲ್ಲಿ ಹೇಳಲಿ, ನೀವು ಕಂಬವನ್ನು ಏರಿಸಿ ಇಳಿಸಿ ಸರಿಮಾಡಿಕೊಳ್ಳಿ. ಕೂತಲ್ಲಿಂದ ನಿಮ್ಮ ಕಣ್ಣಿಗೆ ಬೆಳಕು ಎಷ್ಟು ತಾಗುತ್ತದೆ ಎಂಬುದೂ ಅದೇ ಹೊತ್ತಿಗೆ ತಿಳಿಯುತ್ತದೆ.

ಪ್ರತಿ ಸಲ ಮರಳಿದ ಮೇಲೆ ದೀಪವನ್ನು ಮುಚ್ಚಿದಂತೆಯೇ ಸಿಹಿನೀರಿನಲ್ಲಿ ಅದ್ದಿ ತೊಳೆದು, ಒರೆಸಿ, ಆಮೇಲಷ್ಟೇ ತೆರೆಯಿರಿ. ಜೂನ್, ಜುಲೈಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ, ಹೊಳೆ ಕೆಂಪಾಗಿ ಹರಿಯುತ್ತದೆ, ಕಯಾಕೂ ಅಟ್ಟದ ಮೇಲಿರುತ್ತದೆ. ಅದಕ್ಕೂ ಮೊದಲೇ ಸೆಲ್ ತೆಗೆದು, ರಬ್ಬರ್ ಬಳೆಗೆ ಸಿಲಿಕೋನ್ ಗ್ರೀಸ್ ಸವರಿ, ಹಳೆಯ ಔಷಧಿ ಡಬ್ಬಿಗಳಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿ ಇಡಿ. ಚಾರ್ಜಿಂಗ್ ದೀಪವಾದರೆ ಅರ್ಧದಷ್ಟು ಚಾರ್ಜ್ ಉಳಿಸಿ ಇಡಬೇಕು. ಮಳೆ ಕಡಿಮೆಯಾಗಿ ಮತ್ತೆ ಹೊರಡುವ ಹೊತ್ತಿಗೆ ರಬ್ಬರ್ ಬಳೆ ಬಿರುಕು ಬಿಟ್ಟಿದ್ದರೆ ಹೊಸದು ಹಾಕಿ, ಬಕೆಟ್ಟಿನ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ.